31 ಗೆರೆ: ನನ್ನ ಇಂಗ್ಲಿಷ್ ತಪ್ಪು ನನ್ನ ಕಣ್ಣಿಗೇ ಬಿದ್ದ ಬಗೆ

ನಾಲ್ಕು ಪುಟದ ಒಂದು ವರದಿ. ಇಂಗ್ಲಿಷಿನಲ್ಲಿ ಬರೆದದ್ದು. ಕೊಡುವ ಮೊದಲು ಮೂರು ಸಲ ಓದಿದ್ದೆ, ಒಂದು ತಪ್ಪೂ ಕಂಡಿರಲಿಲ್ಲ. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ನೋಡಿ ವಾಪಸ್ ಕೊಟ್ಟಾಗ 31 ಕಡೆ ಪೆನ್ಸಿಲ್ ಗೆರೆ ಇತ್ತು. ಬರೀ ಗೆರೆ. ಸರಿ ರೂಪ ಯಾವುದು ಅಂತ ಬರೆದಿರಲಿಲ್ಲ. ಯಾಕೆ ತಪ್ಪು ಅಂತಲೂ ಬರೆದಿರಲಿಲ್ಲ.

"ಮೇಡಂ, ಏನು ಬದಲಿಸಬೇಕು ಅಂತ ಹೇಳಿಲ್ಲವಲ್ಲ?" ಎಂದು ಕೇಳಿದೆ.

"ಬರೆದುಕೊಟ್ಟರೆ ಈ ವರದಿ ಸರಿಹೋಗುತ್ತೆ. ಮುಂದಿನದು ಹೋಗಲ್ಲ. ನೀವೇ ಹುಡುಕಿ, ನಾಳೆ ಕೂತು ಮಾತಾಡೋಣ" ಎಂದರು.

ಆ ಸಂಜೆ ಕೂತು ಹುಡುಕಿದೆ. 31ರಲ್ಲಿ 12 ಮಾತ್ರ ಸರಿ ಮಾಡಲು ಆಯಿತು. ಉಳಿದ 19 ಕಡೆ ಗೆರೆ ಕಣ್ಣ ಮುಂದೆಯೇ ಇದ್ದರೂ ತಪ್ಪು ಕಾಣಲಿಲ್ಲ. ಮರುದಿನ ಅವರು ಒಂದೊಂದನ್ನೇ ಬಿಡಿಸಿ ಹೇಳಿದಾಗ ನನಗೆ ಬಹಳ ಬೇಜಾರಾಯಿತು. ಯಾಕೆಂದರೆ ಅದರಲ್ಲಿ ನನಗೆ ಗೊತ್ತಿಲ್ಲದ ನಿಯಮ ಮೂರೋ ನಾಲ್ಕೋ ಅಷ್ಟೇ. ಉಳಿದದ್ದೆಲ್ಲ ಶಾಲೆಯಲ್ಲೇ ಕಲಿತದ್ದು. ‘ಡಿಡ್’ ಬಂದರೆ ಮುಂದಿನ ಕ್ರಿಯಾಪದ ಮೂಲ ರೂಪದಲ್ಲೇ ಇರಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಆದರೂ ಎರಡನೇ ಪುಟದಲ್ಲಿ ‘ದೇ ಡಿಡ್ ನಾಟ್ ಕೇಮ್’ ಅಂತ ಇತ್ತು. ನಾನೇ ಬರೆದದ್ದು. ಮೂರು ಸಲ ಓದಿ ಬಿಟ್ಟದ್ದು.

ನಿಯಮ ಗೊತ್ತಿರುವುದು ಒಂದು. ತಪ್ಪು ಕಣ್ಣಿಗೆ ಬೀಳುವುದು ಬೇರೆಯೇ. ಎರಡನೆಯದನ್ನು ನನಗೆ ಯಾರೂ ಕಲಿಸಿರಲಿಲ್ಲ. ಮುಂದಿನ ಒಂದೂವರೆ ವರ್ಷ ನಾನು ಕಲಿತದ್ದು ಅದನ್ನೇ.

ಮೊದಲು ಮಾಡಿದ ಕೆಲಸ ಎಣಿಕೆ. 31 ತಪ್ಪನ್ನು ಒಂದು ಹಾಳೆಯಲ್ಲಿ ಬರೆದು ಗುಂಪು ಮಾಡಿದೆ. ‘ಎ, ಆ್ಯನ್, ದ’ ತಪ್ಪಿದ್ದು 11. ಪ್ರಿಪೊಸಿಷನ್, ಅಂದರೆ ‘ಇನ್, ಆನ್, ಟು’ ತರದ ಪದ ತಪ್ಪಿದ್ದು 7. ಕ್ರಿಯಾಪದದ ಕಾಲ ತಪ್ಪಿದ್ದು 5. ಕರ್ತೃ ಏಕವಚನ, ಕ್ರಿಯಾಪದ ಬಹುವಚನ ಆದದ್ದು 4. ವಾಕ್ಯದೊಳಗೆ ಪ್ರಶ್ನೆ ಇಟ್ಟು ಕೆಡಿಸಿದ್ದು 2. ‘ಇನ್ಫರ್ಮೇಷನ್ಸ್’, ‘ಎಕ್ವಿಪ್‌ಮೆಂಟ್ಸ್’ ಅಂತ ಎಣಿಸಬಾರದ್ದನ್ನು ಎಣಿಸಿದ್ದು 2. ಮನಸ್ಸು ಸ್ವಲ್ಪ ಹಗುರಾಯಿತು. ನನ್ನ ಇಂಗ್ಲಿಷಿನಲ್ಲಿ 31 ರೋಗ ಇರಲಿಲ್ಲ. ಆರು ರೋಗ ಇದ್ದವು, ಅವೇ ಮತ್ತೆ ಮತ್ತೆ ಬರುತ್ತಿದ್ದವು.

ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿ 1967ರಲ್ಲಿ ಒಂದು ಲೇಖನದಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು. ಕಲಿಯುವವರ ತಪ್ಪಿನಲ್ಲಿ ಎರಡು ಬಗೆ. ಆಯಾಸದಿಂದಲೋ ಅವಸರದಿಂದಲೋ ಕೈ ತಪ್ಪಿ ಬರುವುದು ಒಂದು. ಒಳಗೊಂದು ಲೆಕ್ಕ ಇಟ್ಟುಕೊಂಡು ಪ್ರತಿ ಸಲವೂ ಅದೇ ತರ ಬರುವುದು ಇನ್ನೊಂದು. ಎರಡನೆಯದು ಕಲಿಯುವವನ ತಲೆಯಲ್ಲಿ ಭಾಷೆ ಹೇಗೆ ಕಟ್ಟಿಕೊಂಡಿದೆ ಅಂತ ತೋರಿಸುತ್ತದೆ. ಇದನ್ನು ನಾನು ತಡವಾಗಿ ಓದಿದೆ. ಓದಿದಾಗ ನನ್ನ ಹಾಳೆಯನ್ನೇ ಯಾರೋ ನೋಡಿ ಬರೆದ ಹಾಗೆ ಅನ್ನಿಸಿತು.

ಹಾಗಾದರೆ ನನ್ನ ತಪ್ಪಿನ ಒಳಗಿದ್ದ ಲೆಕ್ಕ ಯಾವುದು? ಅದು ಗೊತ್ತಾದದ್ದು ಮೇಡಂ ಕೇಳಿದ ಒಂದು ಪ್ರಶ್ನೆಯಿಂದ. ‘ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎಂಬ ವಾಕ್ಯ ತೋರಿಸಿ, "ಇದನ್ನ ಕನ್ನಡದಲ್ಲಿ ಹೇಳಿ" ಅಂದರು. "ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೇನೆ" ಅಂದೆ. "ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ." ನೋಡಿದೆ. ‘ಮಾಡ್ತಾ ಇದ್ದೇನೆ’ ಅನ್ನುವುದು ‘ಆ್ಯಮ್ ವರ್ಕಿಂಗ್’ ಆಗಿತ್ತು. ‘ಇಂದ’ ಅನ್ನುವುದು ‘ಸಿನ್ಸ್’ ಆಗಿತ್ತು. ಇಂಗ್ಲಿಷ್ ಪದಗಳ ಕೆಳಗೆ ಕನ್ನಡ ಹಾಗೇ ಮಲಗಿತ್ತು.

ಕನ್ನಡದಲ್ಲಿ ‘ಎರಡು ವರ್ಷದಿಂದ’ ಅಂತೀವಿ, ‘2018ರಿಂದ’ ಅಂತಲೂ ಅಂತೀವಿ. ಎರಡಕ್ಕೂ ಒಂದೇ ‘ಇಂದ’. ಇಂಗ್ಲಿಷ್ ಇಲ್ಲಿ ಎರಡು ದಾರಿ ಮಾಡುತ್ತದೆ. ಶುರುವಾದ ಹೊತ್ತು ಹೇಳಿದರೆ ‘ಸಿನ್ಸ್’, ಕಳೆದ ಅವಧಿ ಹೇಳಿದರೆ ‘ಫಾರ್’. ಅಂದಿನಿಂದ ಇಂದಿನವರೆಗೂ ನಡೆಯುತ್ತಿದೆ ಅನ್ನಲು ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ಈ ನಿಯಮ ನನಗೆ ಗೊತ್ತಿತ್ತು. ಆದರೆ ನನ್ನ ಕೈಯನ್ನು ಎಳೆಯುತ್ತಿದ್ದದ್ದು ‘ಇಂದ’ ಅನ್ನುವುದು ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ‘ಸಿನ್ಸ್’ ಬರೆದಾಗೆಲ್ಲ ಕೈ ತಾನಾಗಿ ನಿಲ್ಲತೊಡಗಿತು.

ಅಂದೇ ಒಂದು ನೋಟ್‌ಬುಕ್ ಮಾಡಿದೆ. ಪುಟಕ್ಕೆ ಮೂರು ಕಾಲಂ. ಮೊದಲನೆಯದರಲ್ಲಿ ನಾನು ಬರೆದ ವಾಕ್ಯ. ಎರಡನೆಯದರಲ್ಲಿ ಸರಿ ವಾಕ್ಯ. ಮೂರನೆಯದರಲ್ಲಿ ಅದರ ಕೆಳಗಿದ್ದ ಕನ್ನಡ. ತಪ್ಪು ತಿದ್ದುವವರು ಸಾಮಾನ್ಯವಾಗಿ ಎರಡು ಕಾಲಂಗೆ ನಿಲ್ಲಿಸುತ್ತಾರೆ. ನನಗೆ ಕೆಲಸ ಮಾಡಿದ್ದು ಮೂರನೆಯದು.

ಮೂರನೇ ಕಾಲಂ ತುಂಬುತ್ತಾ ಹೋದ ಹಾಗೆ ಕೆಲವು ಅಕ್ಷರಗಳು ಮತ್ತೆ ಮತ್ತೆ ಬಂದವು. ‘ಏ’ ನೋಡಿ. ‘ನಾನು ಇಲ್ಲೇ ಇದ್ದೇನೆ’ ಅನ್ನುವುದು ‘ಐ ಆ್ಯಮ್ ಹಿಯರ್ ಓನ್ಲಿ’ ಆಗಿತ್ತು. ‘ಇಲ್ಲೇ’ ಅನ್ನುವ ಒತ್ತನ್ನು ಇಂಗ್ಲಿಷ್ ‘ರೈಟ್ ಹಿಯರ್’ ಅಂತ ಹೇಳುತ್ತದೆ, ಅಥವಾ ಬರೀ ದನಿಯಲ್ಲಿ ಹೇಳುತ್ತದೆ. ‘ಸಣ್ಣ ಸಣ್ಣ ತಪ್ಪು’ ಅನ್ನುವುದು ‘ಸ್ಮಾಲ್ ಸ್ಮಾಲ್ ಮಿಸ್ಟೇಕ್ಸ್’ ಆಗಿತ್ತು. ‘ಇನ್ನೂ ಒಳ್ಳೆಯದು’ ಅನ್ನುವುದು ‘ಮೋರ್ ಬೆಟರ್’ ಆಗಿತ್ತು. ‘ಗಿಂತ’ ಬಂದ ಕಡೆಯೆಲ್ಲ ‘ದ್ಯಾನ್’ ಬಂದಿತ್ತು. ‘ಹೀ ಈಸ್ ಸೀನಿಯರ್ ದ್ಯಾನ್ ಮಿ’ ಅಂತ ಎಷ್ಟು ವರ್ಷ ಬರೆದೆನೋ. ಲ್ಯಾಟಿನ್‌ನಿಂದ ಬಂದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಎಲ್ಲವೂ ‘ಟು’ ಕೇಳುತ್ತವೆ. ‘ಪ್ರಿಫರ್’ ಕೂಡ ಅದೇ ದಾರಿ.

ಇನ್ನು ‘ಅಲ್ವಾ’. ಕನ್ನಡದಲ್ಲಿ ಯಾವ ವಾಕ್ಯದ ಕೊನೆಗೆ ಬೇಕಾದರೂ ಇದನ್ನು ಹಚ್ಚಬಹುದು. ‘ನೀವು ನಾಳೆ ಬರ್ತೀರಿ, ಅಲ್ವಾ?’ ‘ಅವರು ಹೋದರು, ಅಲ್ವಾ?’ ನಾನು ಎರಡಕ್ಕೂ ‘ಈಸಿಂಟ್ ಇಟ್’ ಹಚ್ಚುತ್ತಿದ್ದೆ. ಇಂಗ್ಲಿಷಿನಲ್ಲಿ ಆ ಬಾಲ ವಾಕ್ಯದ ಕ್ರಿಯಾಪದವನ್ನೇ ಹಿಡಿಯಬೇಕು. ‘ಯೂ ವಿಲ್ ಕಮ್’ ಆದರೆ ‘ವೋಂಟ್ ಯೂ’. ‘ದೇ ಲೆಫ್ಟ್’ ಆದರೆ ‘ಡಿಡಿಂಟ್ ದೇ’. ಮಾತಿನಲ್ಲಿ ಇದು ಈಗಲೂ ನನಗೆ ತಡವಾಗಿ ಹೊಳೆಯುತ್ತದೆ.

ಕಾಲದ ತಪ್ಪು ನನ್ನನ್ನು ಬಹಳ ದಿನ ಕಾಡಿತು. ‘ನಿನ್ನೆ ಆಫೀಸಿಗೆ ಹೋಗಿದ್ದೆ.’ ಇದು ಒಳ್ಳೆಯ ಕನ್ನಡ. ಹೋಗಿ ಬಂದಾಯಿತು, ಅಷ್ಟೇ ಅರ್ಥ. ಇದನ್ನು ನಾನು ‘ಐ ಹ್ಯಾಡ್ ಗಾನ್ ಟು ದ ಆಫೀಸ್ ಯೆಸ್ಟರ್‌ಡೇ’ ಅಂತ ಬರೆಯುತ್ತಿದ್ದೆ. ಪದಕ್ಕೆ ಪದ ಸರಿಯಾಗಿ ಕೂರುತ್ತದೆ, ಅದಕ್ಕೇ ಅನುಮಾನ ಬರುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲುವುದಿಲ್ಲ. ನಡೆದುಹೋದ ಇನ್ನೊಂದು ಘಟನೆ ಬೇಕು, ಅದಕ್ಕೂ ಮೊದಲು ಇದು ನಡೆದಿರಬೇಕು. ‘ಅವರು ಬರುವಷ್ಟರಲ್ಲಿ ನಾನು ಹೋಗಿದ್ದೆ’ ಅನ್ನುವಾಗ ‘ಹ್ಯಾಡ್ ಗಾನ್’ ಸರಿ. ಸುಮ್ನೆ ನಿನ್ನೆಯ ಸುದ್ದಿ ಹೇಳುವಾಗ ‘ವೆಂಟ್’ ಸಾಕು. ಒಂದು ಹಳೆಯ ಫೈಲ್ ತೆಗೆದು ನೋಡಿದೆ. ಎಂಟು ಪುಟದಲ್ಲಿ 14 ಸಲ ‘ಹ್ಯಾಡ್’ ಇತ್ತು. ಬೇಕಾಗಿದ್ದದ್ದು ಎರಡು.

ಇದರ ಜೊತೆಯದು ‘ಐ ಹ್ಯಾವ್ ಮೆಟ್ ಹಿಮ್ ಯೆಸ್ಟರ್‌ಡೇ’. ‘ನಿನ್ನೆ ಅವರನ್ನು ಭೇಟಿ ಮಾಡಿದ್ದೇನೆ’ ಅಂದರೆ ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಇಂಗ್ಲಿಷ್ ಒಪ್ಪುವುದಿಲ್ಲ. ಮುಗಿದುಹೋದ ಹೊತ್ತನ್ನು ಹೆಸರಿಟ್ಟು ಹೇಳಿದ ಮೇಲೆ ‘ಹ್ಯಾವ್’ ಬರಬಾರದು. ನಾನು ಮಾಡಿಕೊಂಡ ಉಪಾಯ ಸರಳ. ವಾಕ್ಯದಲ್ಲಿ ನಿನ್ನೆ, ಕಳೆದ ವಾರ, 2019ರಲ್ಲಿ, ಹಿಂದೆ ಎಂಬ ಅರ್ಥದ ಪದ ಕಂಡರೆ ತಕ್ಷಣ ಕ್ರಿಯಾಪದ ನೋಡುತ್ತೇನೆ. ಅಲ್ಲಿ ‘ಹ್ಯಾವ್’ ಇದ್ದರೆ ತೆಗೆಯುತ್ತೇನೆ.

ಇಷ್ಟು ದಿನ ಕನ್ನಡವೇ ನನ್ನ ಇಂಗ್ಲಿಷ್ ಕೆಡಿಸುತ್ತಿದೆ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ ಅಂತ ಗೊತ್ತಾದದ್ದು ‘ಡಿಡ್ ನಾಟ್ ಕೇಮ್’ ಅನ್ನು ನೋಟ್‌ಬುಕ್ಕಿಗೆ ಇಳಿಸುವಾಗ. ಮೂರನೇ ಕಾಲಂನಲ್ಲಿ ‘ಬರಲಿಲ್ಲ’ ಅಂತ ಬರೆದೆ. ಬರೆದು ಅದನ್ನೇ ನೋಡುತ್ತಾ ಕೂತೆ. ನಾವು ‘ಬಂದಲಿಲ್ಲ’ ಅನ್ನುವುದಿಲ್ಲ. ‘ಹೋದಲಿಲ್ಲ’ ಅನ್ನುವುದಿಲ್ಲ. ‘ಇಲ್ಲ’ ಬರುವಾಗ ಕ್ರಿಯಾಪದ ‘ಬಂದ’ ಎಂಬ ರೂಪ ಬಿಟ್ಟು ‘ಬರಲು’ ಎಂಬ ಬರಿಯ ರೂಪಕ್ಕೆ ಹೋಗುತ್ತದೆ. ‘ಡಿಡ್ ನಾಟ್ ಕಮ್’ ಅನ್ನುವುದೂ ಅದೇ ತಾನೆ? ಇಲ್ಲಿ ಕನ್ನಡ ನನ್ನ ಕೈ ಎಳೆದಿರಲೇ ಇಲ್ಲ. ಅದು ಸರಿದಾರಿಯನ್ನೇ ತೋರಿಸುತ್ತಿತ್ತು, ನಾನು ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಇಂಥವು ಸಾಲು ಸಾಲಾಗಿ ಸಿಕ್ಕವು. ‘ವನ್ ಆಫ್ ಮೈ ಫ್ರೆಂಡ್’ ಅಂತ ಬರೆದಿದ್ದೆ. ಕನ್ನಡ ಏನು ಹೇಳುತ್ತದೆ? ‘ನನ್ನ ಗೆಳೆಯರಲ್ಲಿ ಒಬ್ಬ.’ ಗೆಳೆಯರು, ಬಹುವಚನ. ‘ಗೆಳೆಯನಲ್ಲಿ ಒಬ್ಬ’ ಅಂತ ಯಾರೂ ಹೇಳುವುದಿಲ್ಲ. ‘ಫ್ರೆಂಡ್ಸ್’ ಆಗಬೇಕು ಅಂತ ಕನ್ನಡವೇ ಹೇಳಿಬಿಟ್ಟಿತು.

‘ದ ಲಿಸ್ಟ್ ಆಫ್ ಬುಕ್ಸ್ ಆರ್ ಆನ್ ದ ಟೇಬಲ್’ ಎಂಬ ಬಗೆಯ ತಪ್ಪು ನಾಲ್ಕು ಇದ್ದವು ಅಂದೆನಲ್ಲ. ಇದನ್ನು ಇಂಗ್ಲಿಷಿನಲ್ಲಿ ಹುಡುಕುವುದು ಕಷ್ಟ, ಯಾಕೆಂದರೆ ‘ಬುಕ್ಸ್’ ಅನ್ನುವುದು ‘ಆರ್’ ಪಕ್ಕದಲ್ಲೇ ಕೂತು ಕಿವಿಗೆ ಮೋಸ ಮಾಡುತ್ತದೆ. ಕನ್ನಡಕ್ಕೆ ತಿರುಗಿಸಿ. ‘ಪುಸ್ತಕಗಳ ಪಟ್ಟಿ ಮೇಜಿನ ಮೇಲೆ ಇವೆ.’ ತಕ್ಷಣ ಕಿವಿ ಚುಚ್ಚುತ್ತದೆ, ಅಲ್ವಾ? ‘ಪಟ್ಟಿ ಇದೆ’ ಆಗಬೇಕು. ಕನ್ನಡದಲ್ಲಿ ‘ಪುಸ್ತಕಗಳ’ ಮೊದಲೇ ಬಂದು ಹೋಗುತ್ತದೆ, ಮುಖ್ಯ ಪದ ‘ಪಟ್ಟಿ’ ಕ್ರಿಯಾಪದದ ಹತ್ತಿರಕ್ಕೆ ಬರುತ್ತದೆ. ಹಾಗಾಗಿ ತಪ್ಪು ಅಡಗಿ ಕೂರಲು ಜಾಗವೇ ಇಲ್ಲ. ಉದ್ದದ ಇಂಗ್ಲಿಷ್ ವಾಕ್ಯದಲ್ಲಿ ‘ಈಸ್’ ಹಾಕಲೋ ‘ಆರ್’ ಹಾಕಲೋ ಅಂತ ಅನುಮಾನ ಬಂದಾಗ ನಾನು ಈಗಲೂ ಮಾಡುವುದು ಇದನ್ನೇ.

ಆರ್ಟಿಕಲ್, ಅಂದರೆ ‘ಎ, ಆ್ಯನ್, ದ’ ವಿಷಯಕ್ಕೆ ಬರುತ್ತೇನೆ. 31ರಲ್ಲಿ 11 ಅದೇ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡು ಅಂದಾಜಿನಲ್ಲಿ ಹಾಕುತ್ತಿದ್ದೆ. ಒಂದು ದಿನ ಮಗುವಿಗೆ ಕಥೆ ಹೇಳುತ್ತಿದ್ದೆ. ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಬಾಯಿ ಅಲ್ಲೇ ನಿಂತಿತು. ಮೊದಲ ಸಲ ‘ಒಬ್ಬ ರಾಜ’. ಎರಡನೇ ಸಲ ‘ಆ ರಾಜ’. ಕೇಳುವವರಿಗೆ ಯಾವ ರಾಜ ಅಂತ ಗೊತ್ತಿಲ್ಲದಾಗ ‘ಒಬ್ಬ’, ಗೊತ್ತಾದ ಮೇಲೆ ‘ಆ’. ‘ಎ ಕಿಂಗ್’, ‘ದ ಕಿಂಗ್’. ಎಲ್ಲ ಕಡೆ ಹೀಗೆ ಸರಿಯಾಗಿ ಹೊಂದುವುದಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಯಾವುದು ಅಂತ ಅಲ್ಲಿ ಸಿಕ್ಕಿತು. ಓದುವವರಿಗೆ ಯಾವುದು ಅಂತ ಗೊತ್ತಾ?

ಅದೇ ಪ್ರಶ್ನೆ ಕನ್ನಡದಲ್ಲಿ ಇನ್ನೊಂದು ಕಡೆಯೂ ಅಡಗಿದೆ. ‘ಪುಸ್ತಕ ತಂದೆ’ ಅನ್ನುವುದಕ್ಕೂ ‘ಪುಸ್ತಕವನ್ನು ತಂದೆ’ ಅನ್ನುವುದಕ್ಕೂ ಸಣ್ಣ ವ್ಯತ್ಯಾಸ ಇದೆ. ‘ಅನ್ನು’ ಬಂದರೆ ಬಹಳ ಸಲ ನಾವಿಬ್ಬರೂ ಬಲ್ಲ ಆ ಪುಸ್ತಕ ಅಂತ ಕೇಳಿಸುತ್ತದೆ. ಆ ಕಿವಿ ನಮಗೆ ಇದ್ದೇ ಇದೆ. ಇಂಗ್ಲಿಷ್ ಬರೆಯುವಾಗ ಅದನ್ನು ಬಳಸುವುದಿಲ್ಲ ಅಷ್ಟೇ.

ಇದರ ಜೊತೆ ಒಂದು ಗಟ್ಟಿ ನಿಯಮವನ್ನೂ ಇಟ್ಟುಕೊಂಡೆ. ಎಣಿಸಬಹುದಾದ ನಾಮಪದ ಏಕವಚನದಲ್ಲಿ ಬರಿಮೈಯಲ್ಲಿ ನಿಲ್ಲಬಾರದು. ಅದಕ್ಕೆ ಮೊದಲು ‘ಎ’ ಇರಬೇಕು, ಇಲ್ಲ ‘ದ’, ಇಲ್ಲ ‘ಮೈ’, ‘ದಿಸ್’, ‘ಈಚ್’ ತರದ ಒಂದು ಪದ ಇರಬೇಕು. ‘ಐ ರೋಟ್ ರಿಪೋರ್ಟ್’ ಆಗುವುದಿಲ್ಲ. ‘ಬೈ ಬಸ್’, ‘ಅಟ್ ಹೋಮ್’ ತರದ ಕೆಲವು ಜೋಡಿಗಳು ಮಾತ್ರ ಹೊರತು. ಪೆನ್ಸಿಲ್ ಹಿಡಿದು ಏಕವಚನದ ಪ್ರತಿ ನಾಮಪದಕ್ಕೆ ಮೊದಲು ಏನಿದೆ ಅಂತ ನೋಡುತ್ತಾ ಹೋದರೆ ಸಾಕು, ಬಿಟ್ಟುಹೋದ ಆರ್ಟಿಕಲ್ ಬಹುಪಾಲು ಸಿಕ್ಕಿಬೀಳುತ್ತದೆ. ಈ ಒಂದೇ ಅಭ್ಯಾಸ ನನ್ನ ಬರಹವನ್ನು ಬದಲಿಸಿದಷ್ಟು ಬೇರೆ ಯಾವುದೂ ಬದಲಿಸಲಿಲ್ಲ.

‘ಎ’ ಮತ್ತು ‘ಆ್ಯನ್’ ಗೊಂದಲಕ್ಕೆ ನಮ್ಮ ಲಿಪಿಯಲ್ಲೇ ಔಷಧಿ ಇದೆ. ಸ್ಪೆಲ್ಲಿಂಗ್ ನೋಡಬೇಡಿ. ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ‘ಯೂನಿವರ್ಸಿಟಿ’ ಯಕಾರದಿಂದ ಶುರು, ಹಾಗಾಗಿ ‘ಎ ಯೂನಿವರ್ಸಿಟಿ’. ‘ಅವರ್’, ‘ಆನೆಸ್ಟ್’ ಸ್ವರದಿಂದ ಶುರು, ಅಲ್ಲಿ ‘ಆ್ಯನ್’. ‘ವನ್ ಡೇ ಮ್ಯಾಚ್’ ವಕಾರ, ಹಾಗಾಗಿ ‘ಎ’. ಈ ನಿಯಮ ನಡೆಯುವುದು ಉಚ್ಚಾರದ ಮೇಲೆ, ನಮ್ಮ ಲಿಪಿ ಉಚ್ಚಾರವನ್ನೇ ಬರೆಯುತ್ತದೆ.

ಆದರೆ ಅದೇ ಲಿಪಿ, ಅದೇ ಕಿವಿ ಇನ್ನೊಂದು ಕಡೆ ಕೈಕೊಟ್ಟವು. ಗಟ್ಟಿಯಾಗಿ ಓದಿದರೆ ತಪ್ಪು ಸಿಗುತ್ತದೆ ಅಂತ ಹೇಳುತ್ತಾರೆ, ಹೌದು, ಬಹಳ ಸಿಗುತ್ತವೆ. ಒಂದೇ ತರ ಕೇಳುವ ಪದಗಳು ಸಿಗುವುದಿಲ್ಲ. ‘ಇಟ್ಸ್’ ಎರಡಿವೆ. ಅಪಾಸ್ಟ್ರಫಿ, ಅಂದರೆ ಮೇಲಿನ ಸಣ್ಣ ಕೊಕ್ಕೆ ಇದ್ದರೆ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’, ಇಲ್ಲದಿದ್ದರೆ ‘ಅದರ’. ಬಿಡಿಸಿ ಓದಿ ನೋಡಬೇಕು, ಅರ್ಥ ಕೂಡದಿದ್ದರೆ ಅಪಾಸ್ಟ್ರಫಿ ತೆಗೆಯಬೇಕು. ‘ಲೂಸ್’ ಕೂಡ ಎರಡಿವೆ. ಒಂದು ‘ಓ’ ಇದ್ದರೆ ಕಳೆದುಕೊಳ್ಳು, ಎರಡು ‘ಓ’ ಇದ್ದರೆ ಸಡಿಲ. ಇಂಗ್ಲಿಷಿನಲ್ಲಿ ಕೊನೆಯ ದನಿ ಬೇರೆ ಬೇರೆ, ಆದರೆ ಕನ್ನಡದಲ್ಲಿ ಎರಡನ್ನೂ ಒಂದೇ ತರ ಬರೆಯುತ್ತೇವೆ, ಒಂದೇ ತರ ಅನ್ನುತ್ತೇವೆ. ಇವನ್ನು ಕಣ್ಣಿನಿಂದಲೇ ಹಿಡಿಯಬೇಕು. ಬೆಳ್ಳಗಿನ ಹಾಳೆಯಲ್ಲಿ ಇಂಥ ಹತ್ತು ಜೋಡಿ ಬರೆದು ಮೇಜಿನ ಮುಂದೆ ಅಂಟಿಸಿಕೊಂಡೆ.

ಪ್ರಿಪೊಸಿಷನ್‌ಗೆ ನಿಯಮ ಕಡಿಮೆ, ನಿಘಂಟು ಜಾಸ್ತಿ ಬೇಕು. ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಿವೆ ಅಂತ ನನಗೆ ಮೊದಲು ಗೊತ್ತಿರಲಿಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಜೊತೆಯವರೊಡನೆ ಅಂಥದ್ದೊಂದನ್ನು ಮಾಡಿ 1942ರಲ್ಲಿ ಅಲ್ಲಿಯೇ ಹೊರತಂದರು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಪ್ರಕಟಿಸಿತು. ಅರ್ಥದ ಜೊತೆಗೆ ಆ ಕ್ರಿಯಾಪದದ ಮುಂದೆ ಏನು ಬರಬೇಕು, ಏನು ಬರಬಾರದು ಅಂತಲೂ ಅದರಲ್ಲಿ ಇದೆ. ನಮ್ಮಂಥವರಿಗೆ ಬೇಕಾದದ್ದು ಅದೇ.

ಅದನ್ನು ತಿರುವಿ ಹಾಕುವಾಗ ಒಂದು ಜಾಡು ಸಿಕ್ಕಿತು. ‘ವಿ ಡಿಸ್ಕಸ್ಡ್ ಅಬೌಟ್ ದ ಪ್ಲಾನ್’ ತಪ್ಪು, ‘ಅಬೌಟ್’ ಬೇಡ. ಇದರ ಕೆಳಗೆ ‘ಬಗ್ಗೆ’ ಇದೆ, ಅದು ಗೊತ್ತಿತ್ತು. ಆದರೆ ‘ಎ ಡಿಸ್ಕಷನ್ ಅಬೌಟ್ ದ ಪ್ಲಾನ್’ ಸರಿ! ನಾಮಪದಕ್ಕೆ ಪ್ರಿಪೊಸಿಷನ್ ಬೇಕು, ಕ್ರಿಯಾಪದಕ್ಕೆ ಬೇಡ. ‘ರಿಕ್ವೆಸ್ಟ್’ ನೋಡಿ. ‘ಎ ರಿಕ್ವೆಸ್ಟ್ ಫಾರ್ ಹೆಲ್ಪ್’ ಸರಿ, ‘ವಿ ರಿಕ್ವೆಸ್ಟೆಡ್ ಫಾರ್ ಹೆಲ್ಪ್’ ತಪ್ಪು. ‘ಎಂಫಸಿಸ್ ಆನ್’ ಸರಿ, ‘ಎಂಫಸೈಸ್ ಆನ್’ ತಪ್ಪು. ‘ಆ್ಯನ್ ಆನ್ಸರ್ ಟು ದ ಲೆಟರ್’ ಸರಿ, ‘ಐ ಆನ್ಸರ್ಡ್ ಟು ದ ಲೆಟರ್’ ತಪ್ಪು. ಏಳರಲ್ಲಿ ನಾಲ್ಕು ತಪ್ಪು ಈ ಒಂದೇ ಜಾಡಿನಲ್ಲಿ ಹೋದವು. ಎಲ್ಲ ಪದಕ್ಕೂ ಇದು ಹೊಂದುವುದಿಲ್ಲ, ಅನುಮಾನ ಬಂದಾಗ ನಿಘಂಟು ತೆಗೆಯಲೇಬೇಕು.

ಪ್ರಶ್ನೆಯ ತಪ್ಪು ಎರಡೇ ಇದ್ದವು, ಆದರೆ ಚೆನ್ನಾಗಿ ಅರ್ಥವಾದದ್ದು ಅವೇ. ‘ಹೀ ಆಸ್ಕ್ಡ್ ಮಿ ದ್ಯಾಟ್ ವೇರ್ ಆರ್ ಯೂ ಗೋಯಿಂಗ್.’ ಕನ್ನಡ ಹೀಗಿದೆ: ‘ಎಲ್ಲಿಗೆ ಹೋಗ್ತಾ ಇದ್ದೀಯ ಅಂತ ಕೇಳಿದ.’ ನಮ್ಮ ‘ಅಂತ’ ಬಹಳ ಉದಾರಿ. ಇನ್ನೊಬ್ಬರು ಆಡಿದ ಮಾತನ್ನು ಒಂದು ಅಕ್ಷರವೂ ಬದಲಿಸದೆ ಹಾಗೇ ಹೊತ್ತು ತರುತ್ತದೆ. ಇಂಗ್ಲಿಷ್ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು ಅನ್ನುತ್ತದೆ. ‘ದ್ಯಾಟ್’ ಹೋಗಬೇಕು. ‘ಯೂ’ ಹೋಗಿ ‘ಐ’ ಬರಬೇಕು. ಪ್ರಶ್ನೆಯ ಸಾಲು ಮುರಿದು ಸಾಮಾನ್ಯ ವಾಕ್ಯದ ಸಾಲು ಆಗಬೇಕು. ‘ಹೀ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್.’

ಇಷ್ಟೆಲ್ಲ ತಿಳಿದ ಮೇಲೂ ಓದುವ ರೀತಿ ಬದಲಾಗದಿದ್ದರೆ ಏನೂ ಆಗುತ್ತಿರಲಿಲ್ಲ. ನಾವು ಬರೆದದ್ದನ್ನು ನಾವೇ ಓದುವಾಗ ಹಾಳೆಯ ಮೇಲಿರುವುದನ್ನು ಓದುವುದಿಲ್ಲ, ಮನಸ್ಸಿನಲ್ಲಿರುವುದನ್ನು ಓದುತ್ತೇವೆ. ಅದಕ್ಕೆ ಮೂರು ಬದಲಾವಣೆ ಮಾಡಿಕೊಂಡೆ. ಬರೆದ ದಿನ ತಿದ್ದುವುದಿಲ್ಲ, ಒಂದು ರಾತ್ರಿ ಕಳೆಯಲು ಬಿಡುತ್ತೇನೆ. ಕೊನೆಯ ವಾಕ್ಯದಿಂದ ಮೊದಲ ವಾಕ್ಯದ ಕಡೆಗೆ ಒಂದೊಂದೇ ಓದುತ್ತೇನೆ, ಆಗ ಕಥೆಯ ಓಟಕ್ಕೆ ಸಿಕ್ಕಿ ಕಣ್ಣು ಜಾರುವುದಿಲ್ಲ. ಒಂದು ಸುತ್ತಿನಲ್ಲಿ ಒಂದೇ ಬಗೆಯ ತಪ್ಪು ಹುಡುಕುತ್ತೇನೆ. ಮೊದಲ ಸುತ್ತು ಬರೀ ನಾಮಪದ. ಎರಡನೆಯದು ಬರೀ ಕ್ರಿಯಾಪದ. ಮೂರನೆಯದು ಪ್ರಿಪೊಸಿಷನ್. ನಾಲ್ಕು ಪುಟಕ್ಕೆ ನಲವತ್ತು ನಿಮಿಷ ಬೇಕು. ಮುಖ್ಯವಾದ ಬರಹಕ್ಕೆ ಅಷ್ಟು ಹೊತ್ತು ಕೊಡುವುದು ಜಾಸ್ತಿ ಅಂತ ನನಗೆ ಅನ್ನಿಸುವುದಿಲ್ಲ.

ಕಂಪ್ಯೂಟರ್ ತಿದ್ದುವುದಿಲ್ಲವೇ ಅಂತ ಕೇಳಬಹುದು. ತಿದ್ದುತ್ತದೆ, ನಾನೂ ಬಳಸುತ್ತೇನೆ, ಆದರೆ ಕೊನೆಯಲ್ಲಿ. ಕಾಗುಣಿತ ಸರಿ ಇರುವ ತಪ್ಪು ಪದವನ್ನು ಅದು ಎಷ್ಟೋ ಸಲ ಬಿಟ್ಟುಬಿಡುತ್ತದೆ, ‘ಫ್ರಮ್’ ಜಾಗದಲ್ಲಿ ‘ಫಾರ್ಮ್’ ಬಂದ ಹಾಗೆ. ಇನ್ನೊಂದು ಮಾತು, ‘ಎ’ ಹಾಕಬೇಕೋ ‘ದ’ ಹಾಕಬೇಕೋ ಅನ್ನುವುದು ನನ್ನ ಓದುಗರಿಗೆ ಏನು ಗೊತ್ತಿದೆ ಅನ್ನುವುದರ ಮೇಲೆ ನಿಂತಿದೆ. ಅದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ. ಮೊದಲು ಅದಕ್ಕೆ ಕೊಟ್ಟರೆ ನನ್ನ ತಪ್ಪು ನನಗೆ ಕಾಣದೆಯೇ ಸರಿಹೋಗಿಬಿಡುತ್ತದೆ.

ನಡುವೆ ಒಂದು ಕೆಟ್ಟ ಕಾಲವೂ ಬಂತು. ಎಲ್ಲೆಲ್ಲೂ ತಪ್ಪು ಕಾಣತೊಡಗಿತು. ಸರಿ ಇದ್ದದ್ದನ್ನೂ ಕೆಡಿಸಿದೆ. ಜೊತೆಯವರೊಬ್ಬರು ‘ಬಿಟ್ವೀನ್ ಯೂ ಆ್ಯಂಡ್ ಮಿ’ ಅಂತ ಬರೆದಿದ್ದರು. ‘ಐ’ ಅಂದರೆ ಹೆಚ್ಚು ಶುದ್ಧ ಅಂದುಕೊಂಡು ಅದನ್ನು ‘ಬಿಟ್ವೀನ್ ಯೂ ಆ್ಯಂಡ್ ಐ’ ಮಾಡಿದೆ. ಅವರದೇ ಸರಿ. ‘ಬಿಟ್ವೀನ್’ ಪ್ರಿಪೊಸಿಷನ್, ಅದರ ಮುಂದೆ ‘ಮಿ’ ಬರಬೇಕು. ಅವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಬಾರದು ಅಂತಲೂ ತಿದ್ದುತ್ತಿದ್ದೆ. ಆಮೇಲೆ ಓದಿದೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಅದನ್ನು ದೋಷ ಅಂತ ಕರೆದಿದ್ದರು. 1762ರ ತಮ್ಮ ವ್ಯಾಕರಣದಲ್ಲಿ ರಾಬರ್ಟ್ ಲೌತ್ ಅದು ಮಾತಿನಲ್ಲಿ ಸಹಜ, ಗಂಭೀರ ಬರಹದಲ್ಲಿ ಅದನ್ನು ಕೊನೆಗೆ ಬಿಡದೆ ಮೊದಲೇ ಇಡುವುದು ಚಂದ ಅಂದರು. ಆ ಅಭಿರುಚಿಯನ್ನು ಮುಂದಿನವರು ನಿಯಮ ಮಾಡಿಬಿಟ್ಟರು. ಒಬ್ಬರನ್ನೇ ‘ದೇ’ ಅನ್ನುವುದನ್ನೂ ಹೊಸ ತಪ್ಪು ಅಂದುಕೊಂಡಿದ್ದೆ. ಅದು 14ನೇ ಶತಮಾನದಿಂದ ಬಳಕೆಯಲ್ಲಿದೆ. ‘ದ ಟೀಮ್ ಆರ್’ ಅನ್ನುವುದು ಬ್ರಿಟಿಷ್ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅಮೆರಿಕದಲ್ಲಿ ‘ಈಸ್’ ಅನ್ನುತ್ತಾರೆ. ಅಂದಿನಿಂದ ಇನ್ನೊಬ್ಬರ ವಾಕ್ಯದ ಮೇಲೆ ಪೆನ್ಸಿಲ್ ಇಡುವ ಮೊದಲು ನಿಘಂಟಿನಲ್ಲೋ ಬಳಕೆಯ ಕೈಪಿಡಿಯಲ್ಲೋ ಒಮ್ಮೆ ನೋಡುತ್ತೇನೆ.

ನೋಟ್‌ಬುಕ್ಕಿನಲ್ಲಿ ಈಗ 212 ವಾಕ್ಯಗಳಿವೆ. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಹತ್ತು ಸೇರುತ್ತಿದ್ದವು. ಈಗ ತಿಂಗಳಿಗೆ ಒಂದೋ ಎರಡೋ. ಹೋದ ತಿಂಗಳ ವರದಿಯನ್ನು ಮೇಡಂ ನೋಡಿದಾಗ ಐದು ಪುಟದಲ್ಲಿ ನಾಲ್ಕು ಗೆರೆ ಇತ್ತು. ನಾಲ್ಕನ್ನೂ ಅವರು ಹೇಳುವ ಮೊದಲೇ ನಾನು ಹೇಳಿದೆ. "ಇದು ಯಾಕೆ ತಪ್ಪು ಅಂತ ಗೊತ್ತಾ?" ಎಂದು ನಾಲ್ಕನೆಯದರ ಮೇಲೆ ಬೆರಳಿಟ್ಟರು. ‘ಐ ಲುಕ್ ಫಾರ್ವರ್ಡ್ ಟು ಮೀಟ್ ಯೂ.’

"‘ಮೀಟಿಂಗ್’ ಆಗಬೇಕು ಮೇಡಂ. ಇಲ್ಲಿ ‘ಟು’ ಪ್ರಿಪೊಸಿಷನ್, ಅದರ ಮುಂದೆ ನಾಮಪದ ಬರಬೇಕು."

"ಕೆಳಗೆ ಯಾವ ಕನ್ನಡ ಇದೆ?"

ಯೋಚಿಸಿದೆ. ‘ಭೇಟಿಗೆ ಎದುರು ನೋಡ್ತಾ ಇದ್ದೇನೆ’ ಅಂತೀವಿ. ‘ಭೇಟಿಗೆ’, ನಾಮಪದವೇ. ಕನ್ನಡ ಸರಿಯಾಗೇ ಇತ್ತು. ನನ್ನನ್ನು ಎಳೆದದ್ದು ಇಂಗ್ಲಿಷೇ, ‘ವಾಂಟ್ ಟು ಮೀಟ್’, ‘ಹೋಪ್ ಟು ಮೀಟ್’ ಅಂತ ಬರೆದು ಬರೆದು ಕೈಗಾದ ಅಭ್ಯಾಸ. ಇಂಥವು ನೋಟ್‌ಬುಕ್ಕಿನಲ್ಲಿ ಇನ್ನೂ ಒಂಬತ್ತು ಇವೆ. ಅವುಗಳ ಮುಂದೆ ಮೂರನೇ ಕಾಲಂ ಖಾಲಿ ಬಿಟ್ಟಿದ್ದೆ. ಇಂದು ಸಂಜೆ ಅವನ್ನು ಬೇರೆ ಪುಟಕ್ಕೆ ಇಳಿಸಬೇಕು, ಕನ್ನಡದ ಬದಲು ಕೆಳಗಿರುವ ಇಂಗ್ಲಿಷ್ ಯಾವುದು ಅಂತ ಹುಡುಕಿ.